ನೆನೆಸದ ಅಗಸಿ ಹಿಂಡಿ

ಹುನಗುಂದದ ಬಸ್‌ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕುಳಿತಿದ್ದರು. ದನದ ದವಾಖಾನೆಯಿಂದ ಬಂದವರು.

“ಹಂಗಾರ ಕೋಳಿಮರಿ ಸತ್ತಿದ್ದು ಕೆಟ್ಟ ಕಣ್ಣಿನ ನೆದರು ಬಿದ್ದು ಅಲ್ಲ?”

“ಅಲ್ರಿ ಅತ್ತಿ. ನೀವು ಹಾಕಿದ, ಗಾಣದಾಗ ಎಣ್ಣಿ ತೆಗೆದ ಅಗಸಿ ಹಿಂಡಿಯಿಂದ. ಅದರಾಗ ಒಂದು ವಿಷ ಇರ್ತೈತಂತ. ಬಿ-ಸಿಕ್ಸ್ ವಿಟಮಿನ್ ಮೈಗೆ ಹತ್ತಿಸೋ ಕಿಣ್ವದ ಕೈ ಕಟ್ಟಿಹಾಕ್ತೈತಂತ. ಅದಕ್ಕ ಮರಿ ಒದ್ದಾಡಿ ಸತ್ತಾವು.”

“ನಾವು ದಿನಾ ಅಗಸಿ ಚಟ್ನಿ ತಿಂತೇವಲ್ಲ?”

“ನಾವು ಹುರಿದು, ಚೂರು ತಿಂತೇವ್ರಿ. ಮರಿಗೆ ಮೂರೂ ಹೊತ್ತು ಅದನ್ನ ಹಾಕಿದ್ರಿ.”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಓಣಿ ಮಂದಿ ಮುಂದ ಬಾಜೂಮನಿ ದ್ಯಾಮವ್ವಗ ‘ನಿನ್ನ ಕಣ್ಣಿಗೆ ಬೆಂಕಿ ಬೀಳಲಿ’ ಅಂದೆ.”

“ಪಾಪ, ಮರಿ ನೋಡಾಕ ಬಂದಿದ್ದೇ ಆಕೀ ತಪ್ಪಾತು.”

“ಆಕಿ ನೋಡಾಕ ಬಂದಿರಲಿಲ್ಲ ಬಿಡವ್ವಾ.”

“ಮತ್ತ?”

“ಹಿಂಡಿ ನೀರಾಗ ನೆನೆಸಿ, ಆ ನೀರು ಚೆಲ್ಲಿ ಮರಿಗೆ ಹಾಕಬೇಕು ಅಂತ ಹೇಳಾಕ ಬಂದಿದ್ಲು. ನನಗ ಕಲಿಸಾಕ ಬರ್ತೀಯೇನಂತ ಸಿಟ್ಟು ಬಂತು.”

ಬಸ್ಸು ಬಂತು. ಸೊಸೆ ಎದ್ದಳು. ಅತ್ತೆ ಏಳಲಿಲ್ಲ.

“ಮುಂದಿನ ಬಸ್ಸಿಗೆ ಹೋಗೂಣು. ಇದರಾಗ ಹೋದ್ರ ಬೆಳಕಿದ್ದಾಗನ ಊರು ಮುಟ್ಟತೇವಿ, ದ್ಯಾಮವ್ವ ಕಟ್ಟಿ ಮ್ಯಾಲ ಕುಂತಿರ್ತಾಳ.”

ಸೊಸೆ ಆಕೆಯ ಕೈ ಹಿಡಿದು ಬಸ್ಸು ಹತ್ತಿಸಿದಳು.