ಕೆಂಗುಡ್ಡದ ನೀಲಿ ಹೂವು

ನಡೆದದ್ದನ್ನೇ ಹೇಳುತ್ತೇನೆ. ಸುಳ್ಳೆನಿಸಿದರೆ ಇವತ್ತಿನ ಪ್ರಸಾದದಲ್ಲಿ ನನ್ನ ಪಾಲು ನಿಮ್ಮದು.

ಕೆಂಗುಡ್ಡದ ಬುಡದ ಊರಿನಲ್ಲಿ ಪಂಪಣ್ಣ ಎಂಬ ಶ್ರೀಮಂತನಿದ್ದ. ಅವನ ತೋಟದಲ್ಲಿ ಇಲ್ಲದ ಹೂವಿಲ್ಲ. ಆದರೆ ನೋಡಿ, ಜನ ಅವನ ಗೇಟಿನ ಮುಂದೆಯೇ ಹಾದು, ಅತ್ತ ತಿರುಗಿಯೂ ನೋಡದೆ ಗುಡ್ಡ ಹತ್ತುತ್ತಿದ್ದರು. ಯಾಕೆ? ಗುಡ್ಡದ ತುದಿಯಲ್ಲಿ, ಹುಲ್ಲೂ ಹುಟ್ಟದ ಕಬ್ಬಿಣದ ಅದಿರಿನ ನೆಲದಲ್ಲಿ, ಬೆರಳುದ್ದದ ಗಿಡಗಳು ವರ್ಷಕ್ಕೊಮ್ಮೆ ನೀಲಿ ಹೂ ಬಿಡುತ್ತಿದ್ದವು. ಬೇರೆಲ್ಲೂ ಕಾಣದ ಹೂವು. ಇಳಿಜಾರಿನಲ್ಲಿ ಕುರಿ ಕಾಯುವ ಹಾಲವ್ವ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು.

ಪಂಪಣ್ಣ ಗೇಟಿನಲ್ಲೇ ನಿಂತು ಉರಿದುಕೊಂಡ. ನನ್ನ ಗುಲಾಬಿಗಿಲ್ಲದ ಮರ್ಯಾದೆ ಆ ಕಲ್ಲುಕಸಕ್ಕೆ? ಹೂ ಬಿಡುವ ಮೊದಲೇ ಗುದ್ದಲಿ ಹಿಡಿದು ಹೋಗಿ ಒಂದು ಗಿಡ ಕಿತ್ತು ತಂದ. ಕಪ್ಪು ಮಣ್ಣು ಹಾಸಿದ, ಗೊಬ್ಬರ ಸುರಿದ, ಎರಡು ಹೊತ್ತು ನೀರು ಕುಡಿಸಿದ. ಸತ್ತಿತು. ಇನ್ನೊಂದು ತಂದ, ಇನ್ನಷ್ಟು ಗೊಬ್ಬರ. ಅದೂ ಸತ್ತಿತು. ಮೂರನೆಯದು ಒಣಗತೊಡಗಿದಾಗ ಕುರಿಗೊಬ್ಬರಕ್ಕೆ ಹೇಳಿಕಳುಹಿಸಿದ. ಯಾರಿಗೆ? ಹಾಲವ್ವನಿಗೇ. ಹೊಟ್ಟೆಯುರಿ ಬಂದಲ್ಲಿ ಬುದ್ಧಿ ಎಲ್ಲಿರುತ್ತದೆ?

ಹಾಲವ್ವ ಬುಟ್ಟಿ ಇಳಿಸಿ ಗಿಡ ನೋಡಿದಳು. ಗುಡ್ಡದ ಮೇಲೆ ಕಂಡಿದ್ದ ಮೂರು ಗುಂಡಿಗಳ ಕಥೆ ತಿಳಿಯಿತು.

“ಇದು ಹೂ ಯಾವಾಗ ಬಿಡತೈತಿ?” ಎಂದ ಪಂಪಣ್ಣ.

“ನಾಳೆ ಮುಂಜಾನೆ ಇನ್ನೊಂದು ಬುಟ್ಟಿ ಹಾಕಿ ಹೋಗ್ತೀನಿ ಧಣಿ, ಆಮ್ಯಾಲ ನೋಡ್ರಿ. ಆದ್ರ ಮಂದಿ ಕೂಡೋತನಕ ಹತ್ರ ಹೋಗಬ್ಯಾಡ್ರಿ. ಉಸಿರು ತಾಕಿದ್ರ ಉದುರತೈತಿ.”

ಮರುದಿನ ಜಗಲಿಯಿಂದ ನೋಡಿದರೆ ಗಿಡದ ತುದಿಯಲ್ಲಿ ನೀಲಿ. ಪಂಪಣ್ಣ ಡಂಗುರ ಸಾರಿಸಿದ. ಊರೆಲ್ಲ ಸೇರಿತು.

“ಇನ್ನ ಯಾರೂ ಗುಡ್ಡ ಹತ್ತಬ್ಯಾಡ್ರಿ, ಗುಡ್ಡನ ನನ್ನ ಮನಿಗೆ ಬಂದೈತಿ” ಎಂದು ಎದೆಯುಬ್ಬಿಸಿ, ಬಗ್ಗಿ ಹೂವನ್ನು ಮೂಸಿದ.

ಕುರಿ. ಶುದ್ಧ ಕುರಿಯ ವಾಸನೆ. ಕಂಬಳಿಗೆಂದು ನೀಲಿ ಬಣ್ಣ ಹಾಕಿದ್ದ ಉಣ್ಣೆಯನ್ನು ಹಾಲವ್ವ ಸತ್ತ ಗಿಡದ ಒಣಕಡ್ಡಿಗೆ ಕಟ್ಟಿದ್ದಳು.

“ಅದು ಕಬ್ಬಿಣ ತಿಂದು ಬದುಕೋ ಗಿಡ ಧಣಿ. ನೀವು ತುಪ್ಪ ಉಣಿಸಿ ಕೊಂದ್ರಿ. ಮೂರು ಸಲ ಕಿತ್ತೀರಿ, ಒಂದು ಸಲನೂ ಅರಳಿದ್ದು ನೋಡ್ಲಿಲ್ಲ.”

ನಿಜ, ಊರಿಗೆ ಊರೇ ಕಂಡ ಹೂವನ್ನು ಅವನೊಬ್ಬನೇ ಕಂಡಿರಲಿಲ್ಲ. ಪಂಪಣ್ಣ ಉಣ್ಣೆ ಬಿಚ್ಚಿ ಕಿವಿಗೆ ಸಿಕ್ಕಿಸಿಕೊಂಡ. ಹಾಲವ್ವನ ಕಡೆ ತಿರುಗಿ, “ಬ್ಯಾ” ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು, ಅವನೇ ನಕ್ಕ.

ನೀವು ನಗುತ್ತಿದ್ದೀರಿ. ಸರಿ. ಓರಗಿತ್ತಿಯ ಸೀರೆ, ಪಕ್ಕದ ಮನೆ ಹುಡುಗಿಯ ಮಾರ್ಕ್ಸು ಕಂಡಾಗ ನಿಮ್ಮ ಕೈಯಲ್ಲಿ ಗುದ್ದಲಿ ಇರುವುದಿಲ್ಲವೇ? ನಾಳೆ ಅದನ್ನು ಮನೆಯಲ್ಲೇ ಬಿಟ್ಟು, ಅವರ ಬಾಗಿಲಿಗೆ ಹೋಗಿ, “ಚೆನ್ನಾಗಿದೆ” ಎಂದು ಬಾಯಿಬಿಟ್ಟು ಹೇಳಿ ಬನ್ನಿ. ಮಾತು ಗಂಟಲಲ್ಲೇ ಸಿಕ್ಕಿಕೊಂಡರೆ ಒಮ್ಮೆ ನಿಮ್ಮನ್ನೇ ಮೂಸಿ ನೋಡಿಕೊಳ್ಳಿ. ಕುರಿ ವಾಸನೆ ಬಂತೇ? ಹಾಗಾದರೆ ಊರು ನಗುವ ಮೊದಲು ನೀವೇ ಜೋರಾಗಿ ನಕ್ಕುಬಿಡಿ.