ಫೆಸ್ಟಸ್‌ನ ಹೊಲದ ಮುನ್ನೂರು ಗಜ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಫಿಲೋಮಿನಾ ಗೌನ್ ಅವರೇ, ಇನ್ನು ಸ್ವಲ್ಪ ಹೊತ್ತಿಗೆ ರಿಬ್ಬನ್ ಕತ್ತರಿಸಲಿರುವ ಮಾನ್ಯ ಕೌನ್ಸಿಲರ್ ಅವರೇ, ಪೂಜ್ಯ ಪಾದ್ರಿಗಳೇ, ಪೂಜೆ ಮುಗಿಸಿ ನೇರ ಇಲ್ಲಿಗೇ ಬಂದಿರುವ ಕಿಲ್‌ಡರವ್ ಊರಿನ ಸಭಿಕರೇ,

ನಾನು ಕೋಲ್ಮನ್ ಡರ್ಕನ್, ಕಾಲುದಾರಿ ಸಮಿತಿಯ ಕಾರ್ಯದರ್ಶಿ. ಇಪ್ಪತ್ತಾರು ವರ್ಷಗಳಿಂದ ಪ್ರವಾಸಿಗಳಿಗೆ ನನ್ನ ಮನೆಯಲ್ಲಿ ಹಾಸಿಗೆ ಹಾಸಿ, ಬೆಳಗಿನ ತಿಂಡಿ ಬಡಿಸಿದ್ದೇನೆ. ಐರ್ಲೆಂಡ್ ನೋಡಲು ಬರುವವರಿಗೆ ಏನು ಬೇಕೆಂದು ನನ್ನಷ್ಟು ಬಲ್ಲವರು ಈ ಸಭಾಂಗಣದಲ್ಲಿ ಇನ್ನೊಬ್ಬರಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ನಮ್ಮೂರಿನಲ್ಲಿ ಏನಿದೆ? ಕೋಟೆಯಿದೆಯೇ? ಇಲ್ಲ. ಅರಮನೆಯಿದೆಯೇ? ಇಲ್ಲ. ಇದ್ದ ಒಂದು ಗೋಪುರವನ್ನೂ ನಮ್ಮ ತಾತಂದಿರು ಕೆಡವಿ, ಆ ಕಲ್ಲಿನಲ್ಲಿ ದನದ ಕೊಟ್ಟಿಗೆ ಕಟ್ಟಿಕೊಂಡರು. ಆದರೂ ಜನ ಬರುತ್ತಾರೆ. ಯಾಕೆ ಬರುತ್ತಾರೆ?

ಸ್ವಿಟ್ಜರ್‌ಲೆಂಡಿನ ರೆಗುಲಾ ಮೇಡಂ ನಿಮಗೆಲ್ಲ ಗೊತ್ತು. ಶಾಲೆಯಲ್ಲಿ ಪಾಠ ಹೇಳುವವರು. ಎಂಟು ವರ್ಷದ ಹಿಂದೆ ಎರಡೇ ದಿನಕ್ಕೆಂದು ನನ್ನ ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಈ ಮಳೆ ಯಾವಾಗ ನಿಲ್ಲುತ್ತೆ?" ಎಂದು ಕೇಳಿದರು. "ಯಾವ ಮಳೆ?" ಎಂದೆ ನಾನು. ನಕ್ಕರು, ಎರಡು ವಾರ ಉಳಿದರು. ಅಂದಿನಿಂದ ಪ್ರತಿ ಬೇಸಿಗೆಗೂ ಬರುತ್ತಾರೆ.

ಅವರಿಗೆ ಇಲ್ಲಿ ಏನೇನು ಇಷ್ಟ ಗೊತ್ತೇ? ಕಲ್ಲುಗೋಡೆಗಳ ನಡುವೆ ಬೂಟು ಕೆಸರು ಮಾಡಿಕೊಂಡು ನಡೆಯುವುದು. ಜೌಗುನೆಲದಲ್ಲಿ ಹತ್ತಿಯಂಥ ಬಿಳಿ ಹೂವಿನ ಹುಲ್ಲು ಓಲಾಡುವುದನ್ನು ನೋಡುತ್ತ ನಿಲ್ಲುವುದು. ಎದುರಿಗೆ ಬರುವ ಪ್ರತಿ ಟ್ರಾಕ್ಟರಿನವನೂ ಸ್ಟಿಯರಿಂಗಿನ ಮೇಲಿಂದ ನಮಸ್ಕಾರವೆಂದು ಒಂದು ಬೆರಳೆತ್ತುವುದು. ಶನಿವಾರ ಪಬ್ಬಿನಲ್ಲಿ ಪಿಟೀಲು ಶುರುವಾದರೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. ಮೊದಲ ವರ್ಷ ಯಾರು "ಟೀ ಕುಡೀತೀರಾ?" ಎಂದರೂ ತಕ್ಷಣ "ಹೂಂ" ಎಂದುಬಿಡುತ್ತಿದ್ದರು. ನಮಗೆ ಗಾಬರಿ! ಈಗ ಅವರೂ ನಮ್ಮ ಹಾಗೆ ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಕಪ್ಪು ಹಿಡಿಯುತ್ತಾರೆ.

ಇಂಥವರು ಸುಖವಾಗಿ ನಡೆಯಲಿ ಎಂದೇ ನಾವು ಈ ದಾರಿ ಮಾಡಿದ್ದು. ಚರ್ಚಿನಿಂದ ಹೊರಟು, ಕಡಲ ದಂಡೆಗಿಳಿದು, ಬಂಡೆಯ ಅಂಚು ಸುತ್ತಿ, ಮತ್ತೆ ಚರ್ಚಿಗೆ ಬರುವ ಆರು ಕಿಲೋಮೀಟರಿನ ಸುತ್ತುದಾರಿ. ಆದರೆ ಮುನ್ನೂರು ಗಜ ಬಾಕಿಯಿದೆ. ನೀಲಿ ಹಗ್ಗ ಬಿಗಿದ ಒಂದು ಗೇಟಿನವರೆಗೆ ಹೋಗಿ, ಬಂದ ದಾರಿಯಲ್ಲೇ ವಾಪಸ್ಸಾಗಬೇಕು. ಸುತ್ತು ಕೂಡದಿದ್ದರೆ ಕೌಂಟಿಯ ನಕ್ಷೆಯಲ್ಲಿ ನಮ್ಮ ದಾರಿಗೆ ಜಾಗವಿಲ್ಲ ಎಂದು ಕೌನ್ಸಿಲರ್ ಈಗಷ್ಟೇ ಹೇಳಿದರು. ಚಪ್ಪಾಳೆ ಬೀಳಲಿಲ್ಲ.

ಆ ಹೊಲ ಯಾರದು? ನನ್ನ ತಮ್ಮ ಫೆಸ್ಟಸ್‌ನದು. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಮಾತಾಡಿಲ್ಲ. ಇದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಬೂಟು ನೋಡಿಕೊಂಡು ಕೂರಬೇಡಿ. ಸಮಿತಿಯವರು ಮೂರು ಸಲ ಹೋಗಿ ಕೇಳಿದರು. ಮೂರು ಸಲವೂ ಅವನದು ಒಂದೇ ಮಾತು: "ಕೇಳಬೇಕಾದೋರು ಬಂದು ಕೇಳ್ಲಿ."

ಆ ಗೇಟನ್ನು ಹತ್ತಿ ದಾಟುತ್ತಿದ್ದವರು ರೆಗುಲಾ ಮೇಡಂ ಒಬ್ಬರೇ. ಬೆಳಿಗ್ಗೆ ನನ್ನ ಮನೆಯ ತಿಂಡಿ, ಹತ್ತು ಗಂಟೆಗೆ ಅವನ ಮನೆಯ ಟೀ. ನಾವು ಅಣ್ಣತಮ್ಮಂದಿರೆಂದು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ, ನೀವ್ಯಾರೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ನಮ್ಮೂರನ್ನು ಮೀರಿಸುವವರುಂಟೇ? "ಕೆಳಗಿನ ಮನೆಯೋರು ಕೇಳ್ತಿದ್ರು, ನಿಮ್ಮ ಕೆಂದಹಸು ಕರು ಹಾಕ್ತಾ ಅಂತ" ಎನ್ನುತ್ತಿದ್ದರು ಮೇಡಂ. ಕೆಳಗಿನ ಮನೆಯೆಂದರೆ ಫೆಸ್ಟಸ್‌ನದೇ. "ಹಾಕ್ತು, ಕಾಲು ಸೊಟ್ಟ ಅನ್ನಿ" ಎಂದೆ ಒಮ್ಮೆ. ಮರುದಿನ ಅವರ ಕೈಚೀಲದಲ್ಲಿ ಕರುವಿನ ಕಾಲಿಗೆ ಕಟ್ಟುವ ದಬ್ಬೆ, ಬಟ್ಟೆ ಎಲ್ಲ ಬಂತು. "ನಿಮ್ಮೂರಲ್ಲಿ ನೆರೆಹೊರೆ ಎಷ್ಟು ಚೆನ್ನ!" ಎಂದರು. ನಾನು ಬಾಣಲೆಯಲ್ಲಿ ಬೇಕನ್ ಮಗುಚಿದೆ.

ಜಗಳ ಹೇಗೆ ಶುರುವಾಯಿತು? ಅವನೇ ಶುರು ಮಾಡಿದ್ದೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ನಮ್ಮಪ್ಪನ ಮಣ್ಣಿನ ದಿನ. ಶವದ ಪೆಟ್ಟಿಗೆ ಹೊರುವವರನ್ನು ಎತ್ತರ ನೋಡಿ ಜೋಡಿ ಮಾಡುವುದು ನಮ್ಮ ಪದ್ಧತಿ. ನನ್ನ ಎತ್ತರವನ್ನು ನೀವೇ ನೋಡುತ್ತಿದ್ದೀರಿ, ಮೈಕನ್ನು ಎರಡು ಸಲ ಇಳಿಸಬೇಕಾಯಿತು. ಫೆಸ್ಟಸ್ ಆರಡಿ ದಾಟಿದವನು. ನನಗೆ ಹಿಂದಕ್ಕೆ ಬಾ ಎಂದರು. "ಹಿರೀಮಗ ನಾನು, ಮುಂದೆ ನಾನೇ" ಎಂದು ಹಟ ಹಿಡಿದು, ಅವನ ಪಕ್ಕವೇ ಹೆಗಲು ಕೊಟ್ಟೆ. ಓರೆಗಣ್ಣಿನಲ್ಲಿ ನೋಡುತ್ತೇನೆ, ಅವನು ಮಂಡಿ ಬಗ್ಗಿಸಿ ಕುಳ್ಳನ ಹಾಗೆ ನಡೆಯುತ್ತಿದ್ದಾನೆ! ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪನ ಪೆಟ್ಟಿಗೆಯಡಿಯಲ್ಲೂ ನನ್ನನ್ನು ಅಣಕಿಸುತ್ತಿದ್ದಾನೆಂದು ನನಗೆ ಉರಿದುಹೋಯಿತು. ಮಣ್ಣು ಮುಚ್ಚಿದ ಮೇಲೆ ಎಲ್ಲರ ಎದುರಿಗೇ, "ಇನ್ನು ನನ್ನ ಹೊಸ್ತಿಲು ತುಳೀಬೇಡ" ಎಂದೆ. ಹೌದು, ಅಂದವನು ನಾನೇ. ಗೇಟಿಗೆ ಹಗ್ಗ ಬಿದ್ದದ್ದು ಮರುದಿನ.

ಹೋದ ಆಗಸ್ಟಿನಲ್ಲಿ ರೆಗುಲಾ ಮೇಡಂ ತಿಂಡಿ ತಿನ್ನುತ್ತ, ಕೆಳಗಿನ ಮನೆಯವರು ಹೇಳಿದ ಕಥೆಯೆಂದು ಅವನ ಮಾತನ್ನು ಹಾಗೇ ಒಪ್ಪಿಸಿದರು: "ನಮ್ಮಣ್ಣನಿಗೆ ಅಪ್ಪನ್ನ ಮುಂದೆ ನಿಂತು ಹೊರೋ ಆಸೆ. ನಾನು ನೆಟ್ಟಗೆ ನಡೆದಿದ್ರೆ ಪೆಟ್ಟಿಗೆ ಅವನ ಹೆಗಲಿಗೆ ಸಿಗ್ತಾನೇ ಇರ್ಲಿಲ್ಲ. ಅದಕ್ಕೇ ಚರ್ಚಿಂದ ಗುಂಡಿವರೆಗೂ ಮಂಡಿ ಬಗ್ಗಿಸ್ಕೊಂಡೇ ನಡೆದೆ."

"ಆ ಅಣ್ಣ ಈಗ ಎಲ್ಲಿದ್ದಾರೋ ಪಾಪ" ಎಂದರು ಮೇಡಂ. ಬೇಕನ್ ಸೀದುಹೋಯಿತು.

ಅಂದಿನಿಂದ ನಾನು ಏನು ಮಾಡಿದೆ? ಈ ದಾರಿಗಾಗಿ ಕೌಂಟಿಗೆ ಹದಿನಾಲ್ಕು ಪತ್ರ ಬರೆದೆ. ನಕ್ಷೆ ಬರೆಸಿದೆ, ಬೋರ್ಡು ನೆಡಿಸಿದೆ. ತಮ್ಮನ ಮನೆಗೆ ಮುನ್ನೂರು ಗಜ ಮಾತ್ರ ನಡೆಯಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಫೆಸ್ಟಸ್, ಹಿಂದೆ ಗೋಡೆಗೆ ಒರಗಿ ನಿಂತಿದ್ದೀಯ, ಆಗಲೇ ನೋಡಿದೆ. ಕೇಳಬೇಕಾದವನು ಕೇಳ್ತಿದ್ದೀನಿ ಕಣೋ. ಸಮಿತಿಗಲ್ಲ, ಪ್ರವಾಸಿಗಳಿಗಲ್ಲ, ನನಗೆ. ಅವತ್ತು ನಾನು ಅಂದದ್ದು ತಪ್ಪು. ನಿನ್ನ ಹೊಲ ದಾಟೋಕೆ ಬಿಡ್ತೀಯಾ?

ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಟೋಪಿ ಹಾಕಿಕೊಂಡ. ಬಾಗಿಲಿಗೆ ಹೋದ. ಹೋಗಲಿ, ಅವನಿಷ್ಟ, ನಾನು ಕೇಳುವುದನ್ನು ಕೇಳಿದೆ... ಇಲ್ಲ, ಹೋಗಲಿಲ್ಲ. ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದಾನೆ.

ಬಂದೆ ಕಣೋ, ಬಂದೆ. ಕೌನ್ಸಿಲರ್ ಅವರೇ, ಕತ್ತರಿ ಹಿಡಿದು ನೀವು ನಿಧಾನವಾಗಿ ಬನ್ನಿ. ಗೇಟಿನ ಆ ಹಗ್ಗದ ಗಂಟು ಬಿಗಿದು ಹತ್ತೊಂಬತ್ತು ವರ್ಷವಾಗಿದೆ, ಬಿಚ್ಚಲು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಯಾರಾದರೂ ಈ ಮೈಕು ಹಿಡಿದುಕೊಳ್ಳಿ. ನಮಸ್ಕಾರ.