ಸಂಗಪ್ಪನ ಹೆಸರಿನ ಕೆಳಗೆ

ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಕಾರ್ಖಾನೆಯ ಹಿಂದಿನ ಗೇಟಿನಿಂದ ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಬಾವಿಯೊಂದಿದೆ. ಬಾಯಿಗೆ ತಗಡು ಮುಚ್ಚಿದ್ದಾರೆ. ತೊಂಬತ್ತೊಂದನೇ ಇಸವಿ, ಮಾರ್ಚ್ ಹದಿನಾಲ್ಕರ ರಾತ್ರಿ ಒಂಬತ್ತಕ್ಕೆ ನಮ್ಮ ಪಕ್ಕದ ಮನೆಯ ವಿಮಲಾ ಅದರ ಮುಂದೆ ಒಬ್ಬಳೇ ಬರುತ್ತಿದ್ದಳು. ನಂಬುವುದು ಬಿಡುವುದು ನಿಮ್ಮಿಷ್ಟ.

ಅವಳ ಮನಸ್ಸು ನೆಟ್ಟಗಿರಲಿಲ್ಲ. ಸಂಜೆ ಮಾಡಿ ಬಂದ ಕೆಲಸ ಹಾಗಿತ್ತು.

ಕಾರ್ಖಾನೆಯ ಕಂಪ್ಯೂಟರಿನಲ್ಲಿ ಎರಡು ಪಟ್ಟಿ. ಒಂದು ಕೆಲಸಗಾರರದು, ಇನ್ನೊಂದು ಅವರ ಹೆಂಡತಿ ಮಕ್ಕಳದು. ಎರಡಕ್ಕೂ ಗಂಟು ಹಾಕಿದವಳು ಅಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ ವಿಮಲಾಳೇ. ಕೆಲಸಗಾರನ ಕೆಳಗೆ ಮನೆಯವರು ಒಬ್ಬರಾದರೂ ಇರುವ ತನಕ ಅವನ ಹೆಸರು ಅಳಿಸಲು ಕಂಪ್ಯೂಟರ್ ಒಪ್ಪುವುದಿಲ್ಲ. ಆ ಗಂಟಿನ ಮೇಲೆ ಅವಳಿಗೆ ತುಸು ಜಂಬವೂ ಇತ್ತು.

ಹಿಂದಿನ ತಿಂಗಳು ಕೆಲಸಗಾರ ಸಂಗಪ್ಪ ಪಂಪು ರಿಪೇರಿಗೆಂದು ಅದೇ ಬಾವಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಹೆಂಡತಿ ರುದ್ರವ್ವ ಕೆಲಸಗಾರರಿಗೆಂದು ಕಂಪನಿ ಕಟ್ಟಿಸಿದ ಚಾಳಿನಲ್ಲಿ ಒಂದು ಕೋಣೆಯ ಖೋಲಿಯಲ್ಲಿದ್ದಳು. ಬೆಳಗ್ಗೆ ಖೋಲಿಗಳ ಪಟ್ಟಿ ಪ್ರಿಂಟಾಗಬೇಕು. ಅದರಲ್ಲಿ ಹೆಸರಿಲ್ಲದವರು ಗಂಟುಮೂಟೆ ಕಟ್ಟಬೇಕು.

"ಸತ್ತವರನ್ನೆಲ್ಲ ತೆಗೆದುಬಿಡಮ್ಮ," ಅಂದಿದ್ದರು ಮ್ಯಾನೇಜರ್ ರಾಮಸ್ವಾಮಿ.

"ಸಂಗಪ್ಪನ ಕೆಳಗೆ ರುದ್ರವ್ವ ಇದಾಳೆ ಸಾರ್. ಅಳಿಸಕ್ಕಾಗಲ್ಲ."

"ಗಂಟು ಹಾಕಿದವಳು ನೀನೇ ತಾನೇ? ಬಿಚ್ಚು."

ಬಿಚ್ಚಿದಳು. ಸಂಗಪ್ಪ ಹೋದ. ರುದ್ರವ್ವನ ಸಾಲು ಯಾರಿಗೂ ಸೇರದೆ ಉಳಿಯಿತು. ಖೋಲಿ ಬರುವುದು ಕೆಲಸಗಾರನ ಹೆಸರಿಗೆ, ಅವನಿಲ್ಲದೆ ಅವಳಿಲ್ಲ. ವಿಮಲಾಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಳು.

ತಗಡಿನ ಕೆಳಗಿನಿಂದ ಸದ್ದು... ತೊಟ್. ತೊಟ್.

ಆಮೇಲೆ ಠಣ್! ಹಿತ್ತಾಳೆ ಬಿಲ್ಲೆ ತಗಡಿಗೆ ತಾಗಿದ ಸದ್ದು. ಗೇಟಿನಲ್ಲಿ ಹಾಜರಿಗೆ ಕೊಡುವ ನಂಬರಿನ ಬಿಲ್ಲೆ. ಆ ಸದ್ದನ್ನು ಅವಳು ದಿನಾ ಬೆಳಗ್ಗೆ ಕೇಳುತ್ತಿದ್ದಳು.

"ಅಕ್ಕಾರ..."

ಬೆನ್ನ ಹಿಂದೆ. ತೀರಾ ಹತ್ತಿರ. ಅವಳು ತಿರುಗಲಿಲ್ಲ.

"ನನ್ನ ಹೆಸರು ತಗದ್ರಿ... ಇರ್ಲಿ, ನಾ ಹೋದಾಂವ." ತೊಟ್. ತೊಟ್. "ಆಕಿ ಈಗ ಯಾರ ಪೈಕಿ?"

ವಿಮಲಾ ಚಪ್ಪಲಿ ಬಿಟ್ಟು ಗೇಟಿಗೆ ಓಡಿದಳು. ವಾಚ್‌ಮನ್ ಮೋನಪ್ಪ ಸ್ಟೂಲಿನಿಂದ ಎದ್ದು ನಿಂತ.

"ಎಂತಾಯ್ತು ಅಕ್ಕ?"

"ಆಫೀಸಿನ ಬೀಗ ತೆಗೀರಿ ಮೋನಪ್ಪ. ಬೇಗ."

ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಅವಳು ಹೊರಟ ಮೇಲೆ ಒಳಗೆ ಒಂದು ನರಪಿಳ್ಳೆಯೂ ಹೋಗಿಲ್ಲ ಅಂತ ಅವನು ಇವತ್ತಿಗೂ ಆಣೆಯಿಡುತ್ತಾನೆ. ಕಂಪ್ಯೂಟರ್ ಗುಂಯ್ ಅಂದು ಎದ್ದಿತು. ಹೆಸರನ್ನು ಮತ್ತೆ ಸೇರಿಸಿ ಗಂಟು ಹಾಕಬೇಕು, ಅಷ್ಟೇ ಅವಳ ತಲೆಯಲ್ಲಿ...

ಹೆಸರು ಅಲ್ಲೇ ಇತ್ತು. ಗಂಟೂ ಬಿದ್ದಿತ್ತು. ಸಂಗಪ್ಪ. ಅವನ ಕೆಳಗೆ ರುದ್ರವ್ವ, ಹೆಂಡತಿ. ಅವಳ ಕೆಳಗೆ ಇನ್ನೊಂದು ಸಾಲು. ಸಂಬಂಧ: ಮಗಳು. ಹೆಸರಿನ ಜಾಗ ಖಾಲಿ.

ಕೂತಲ್ಲೇ ಪ್ರಿಂಟು ತೆಗೆದಳು.

ಬೆಳಗ್ಗೆ ರಾಮಸ್ವಾಮಿ ತಾವೇ ಕೂತು ಅಳಿಸಲು ನೋಡಿದರು. ಆಗಲಿಲ್ಲ. "ಕೆಳಗೆ ಇಬ್ಬರು ಅಂತಿದೆಯಲ್ಲ? ಆ ಹೆಂಗಸಿಗೆ ಮಕ್ಕಳೆಲ್ಲಿವೆ? ಗಂಟು ಬಿಚ್ಚು."

"ಬಿಚ್ಚಲ್ಲ ಸಾರ್," ಅಂದಳು ವಿಮಲಾ. ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಅವಳ ಮುಖವನ್ನು ನೋಡಿ ಪಟ್ಟಿಗೆ ಹಾಗೇ ಸಹಿ ಹಾಕಿದರು. ರುದ್ರವ್ವನ ಖೋಲಿ ಉಳಿಯಿತು.

ಮಧ್ಯಾಹ್ನ ವಿಮಲಾ ಚಾಳಿಗೆ ಹೋಗಿ, ಮಗಳಿದ್ದಾಳೆಯೇ ಅಂತ ಕೇಳಿದಳು. ರುದ್ರವ್ವನ ಕಣ್ಣು ತುಂಬಿ ಬಂತು. "ಮಕ್ಕಳು ಎಲ್ಲೀವ್ರಿ ಅಕ್ಕಾರ? ಲಗ್ನ ಆಗಿ ಆರು ವರ್ಷ ಆತು..."

ಪ್ರಿಂಟು ಈಗಲೂ ವಿಮಲಾಳ ಟ್ರಂಕಿನಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೂರು ಸಾಲು, ಮೇಲೆ ಮಾರ್ಚ್ ಹದಿನಾಲ್ಕರ ತಾರೀಖು. ರುದ್ರವ್ವ ಹೆತ್ತದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹೆಣ್ಣು ಮಗು.